ಒಳಗೆ ಬಿಟ್ಟ ಒಂದಿಂಚು ಬಟ್ಟೆ

ದೊಡ್ಡಮ್ಮ ಹೋಗಿ ತಿಂಗಳಾದ ಮೇಲೆ ಅವರ ಬೀರು ತೆಗೆದೆವು. ಸೀರೆಗಳು ಅರ್ಧ ಗಂಟೆಯಲ್ಲಿ ಹಂಚಿಹೋದವು. ಹಸಿರು ಇಳಕಲ್ ಅಮ್ಮನಿಗೆ, ಮೈಸೂರು ಸಿಲ್ಕು ಅತ್ತಿಗೆಗೆ, ಎರಡು ಕಾಟನ್ ಸೀರೆ ನನಗೆ. ಸೀರೆಗೆ ಅಳತೆ ಇಲ್ಲ ನೋಡಿ. ಯಾರು ಉಟ್ಟರೂ ಅವರ ಮೈಗೆ ಹೊಂದಿಕೊಳ್ಳುತ್ತದೆ. ಕೊನೆಗೆ ಬೀರುವಿನಲ್ಲಿ ಉಳಿದದ್ದು ಬ್ಲೌಸುಗಳು. 26 ಇದ್ದವು. ಅವನ್ನು ಯಾರೂ ಕೇಳಲಿಲ್ಲ. "ಇವನ್ನೇನು ಮಾಡೋದು, ಒರೆಸೋ ಬಟ್ಟೆಗಾಗುತ್ತೆ" ಎಂದು ಯಾರೋ ಅಂದರು. ನನಗೆ ಸಂಕಟವಾಯಿತು. ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಬೆಂಗಳೂರಿಗೆ ತಂದೆ.

ತೀರಿಕೊಂಡವರ ಬಟ್ಟೆ ಹಾಕಿಕೊಳ್ಳಬಾರದು ಅನ್ನುವವರಿದ್ದಾರೆ. ಅವರವರ ನಂಬಿಕೆ, ನಾನು ಅದಕ್ಕೆ ಏನೂ ಅನ್ನುವುದಿಲ್ಲ. ಅಮ್ಮನನ್ನು ಕೇಳಿದೆ. "ಅಕ್ಕನ ಬಟ್ಟೆ ನಾನು ಹುಟ್ಟಿದಾಗಿಂದ ಹಾಕ್ಕೊಂಡಿದೀನಿ, ಈಗ ಯಾಕೆ ಬಿಡ್ಲಿ?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಒಂದು ಭಾನುವಾರ ಚೀಲ ಬಿಚ್ಚಿ ಎಲ್ಲವನ್ನೂ ಮಂಚದ ಮೇಲೆ ಹರಡಿದೆ. ನುಸಿಗುಳಿಗೆ ವಾಸನೆ, ಅದರ ಕೆಳಗೆ ಸಣ್ಣಗೆ ಅವರ ಪೌಡರಿನ ವಾಸನೆ. ಒಂದೊಂದನ್ನೇ ಒಳಗು ಹೊರಗು ಮಾಡಿ ನೋಡತೊಡಗಿದೆ. ಹಳೆ ಬಟ್ಟೆ ಯಾವುದೇ ಇರಲಿ, ನಾನು ಮೊದಲು ನೋಡುವುದು ಒಳಗಡೆಯನ್ನು. ಹೊರಗೆ ಬಣ್ಣ, ಕಸೂತಿ, ಗುಂಡಿ ಎಲ್ಲ ಚೆನ್ನಾಗಿ ಕಾಣಬಹುದು. ಅದು ಇನ್ನೊಬ್ಬರ ಮೈಗೆ ಆಗುತ್ತದೋ ಇಲ್ಲವೋ ಎನ್ನುವುದು ಒಳಗಿನ ಹೊಲಿಗೆ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ದೊಡ್ಡಮ್ಮ ತಮ್ಮ ಬ್ಲೌಸು ತಾವೇ ಹೊಲಿದುಕೊಳ್ಳುತ್ತಿದ್ದರು. ದಾವಣಗೆರೆಯ ಅವರ ಮನೆಯಲ್ಲಿ, ಕಿಟಕಿ ಪಕ್ಕ, ಕಾಲಲ್ಲಿ ತುಳಿಯುವ ಕಪ್ಪು ಉಷಾ ಮಿಷನ್ ಇತ್ತು. ಅದರಲ್ಲಿ ಹಿಂದಕ್ಕೆ ಹೊಲಿಯಲು ಬರುತ್ತಿರಲಿಲ್ಲ. ಈಗಿನ ಮಿಷನ್‌ನಲ್ಲಿ ಹೊಲಿಗೆ ಮುಗಿದ ಕಡೆ ಒಂದೆರಡು ಸಲ ಹಿಂದೆ ಮುಂದೆ ಓಡಿಸಿದರೆ ದಾರ ಬಿಗಿಯಾಗುತ್ತದೆ. ದೊಡ್ಡಮ್ಮ ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಎರಡನ್ನೂ ಒಂದೇ ಕಡೆಗೆ ಎಳೆದುಕೊಂಡು ಕೈಯಲ್ಲಿ ಗಂಟು ಹಾಕುತ್ತಿದ್ದರು. ಗಂಟಿನಾಚೆ ಒಂದಿಂಚು ದಾರ ಬಿಟ್ಟು ಕತ್ತರಿಸುತ್ತಿದ್ದರು. ಅಷ್ಟುದ್ದದ ದಾರದ ಬಾಲಗಳು ಪ್ರತಿ ಬ್ಲೌಸಿನ ಒಳಗೂ ಇದ್ದವು. ಆ ಬಾಲ ಹಿಡಿದರೆ ಹೊಲಿಗೆ ಎಲ್ಲಿ ಮುಗಿದಿದೆ ಅಂತ ಹುಡುಕಬೇಕಾಗಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಪಕ್ಕದ ಹೊಲಿಗೆ. ಒಂದು ಹಳದಿ ಬ್ಲೌಸಿನಲ್ಲಿ, ಕಂಕುಳಿಂದ ಸೊಂಟದವರೆಗೆ, ಒಂದೊಂದು ಕಡೆಯೂ ಒಂದೂಕಾಲು ಇಂಚು ಬಟ್ಟೆ ಒಳಗೆ ಬಿಟ್ಟಿದ್ದರು. ಅದರ ಮೇಲೆ ಮೂರು ಸಾಲು. ಒಂದು ಸಾಲು ಈಗಿನ ಹೊಲಿಗೆ. ಉಳಿದೆರಡು ಬರೀ ಸೂಜಿಯ ತೂತು, ಹೊಲಿಗೆ ಬಿಚ್ಚಿದ ಗುರುತು. ದೊಡ್ಡಮ್ಮ ಮೊದಲು ತೆಳ್ಳಗಿದ್ದರು. ನಾನು ಶಾಲೆಗೆ ಹೋಗುವ ಹೊತ್ತಿಗೆ ದಪ್ಪವಾಗಿದ್ದರು. ಕೊನೆಯ ನಾಲ್ಕು ವರ್ಷ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಇಳಿದುಹೋದರು. ಅಂಚಿನ ಹತ್ತಿರದ ಸಾಲು ದಪ್ಪವಿದ್ದ ಕಾಲದ್ದು. ಎಲ್ಲಕ್ಕಿಂತ ಒಳಗಿನದು ಕೊನೆಗಾಲದ್ದು. ಅದರಲ್ಲಿ ಮಾತ್ರ ಹೊಲಿಗೆ ನೆಟ್ಟಗಿರಲಿಲ್ಲ. ಆಗ ಅವರಿಗೆ ಕಣ್ಣು ಮಂಜಾಗಿತ್ತು. ಆ ಸಾಲಿನ ಮೇಲೆ ಬೆರಳಾಡಿಸುತ್ತಾ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಈ ಸಾಲುಗಳ ಲೆಕ್ಕ ನಮ್ಮ ಕಡೆ ಬ್ಲೌಸು ಹೊಲಿಸುವ ಹೆಂಗಸರಿಗೆಲ್ಲ ಗೊತ್ತು. ಒಳ್ಳೆಯ ಟೈಲರ್ ಮೊದಲೇ ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿದು ಕೊಡುತ್ತಾರೆ, ಕಾಲಿಂಚು ಕಾಲಿಂಚು ಬಿಟ್ಟು. ಬಿಗಿಯಾದರೆ ಒಂದು ಸಾಲು ಬಿಚ್ಚಿಕೊಂಡರಾಯಿತು. ಕಾಲಿಂಚು ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಮುಂಭಾಗದಲ್ಲಿ ಕಾಲು, ಹಿಂಭಾಗದಲ್ಲಿ ಕಾಲು, ಎಡಕ್ಕೂ ಬಲಕ್ಕೂ ಸೇರಿದರೆ ಸುತ್ತಳತೆಯಲ್ಲಿ ಪೂರ್ತಿ ಒಂದಿಂಚು ಸಿಗುತ್ತದೆ. ಒಂದಿಂಚು ಅಂದರೆ ಹುಕ್ಕು ಹಾಕಿಕೊಂಡು ಉಸಿರಾಡಲು ಆಗುವುದಕ್ಕೂ ಆಗದಿರುವುದಕ್ಕೂ ಇರುವ ವ್ಯತ್ಯಾಸ.

*

ನಾನು ಬೆಳೆದದ್ದೇ ಬೇರೆಯವರ ಬಟ್ಟೆಯಲ್ಲಿ. ದೊಡ್ಡಮ್ಮನ ಮಗಳು ನನಗಿಂತ ಮೂರು ವರ್ಷ ದೊಡ್ಡವಳು. ಅವಳಿಗೆ ಲಂಗ ಹೊಲಿಯುವಾಗಲೇ ಅದು ನನಗೂ ಹೊಲಿದದ್ದು. ಬಟ್ಟೆಯನ್ನು ಉದ್ದವಾಗೇ ಕತ್ತರಿಸಿ, ಅಂಚಿನಿಂದ ಸ್ವಲ್ಪ ಮೇಲೆ ಅಡ್ಡಕ್ಕೆ ಎರಡು ಮೂರು ಟಕ್, ಅಂದರೆ ಮಡಿಸಿ ಹೊಲಿದ ಪಟ್ಟಿ, ಹಿಡಿಯುತ್ತಿದ್ದರು. ಮಗು ಎತ್ತರವಾದ ಹಾಗೆ ವರ್ಷಕ್ಕೊಂದು ಟಕ್ ಬಿಚ್ಚುವುದು. ಎಲ್ಲ ಟಕ್ ಬಿಚ್ಚಿ ಮುಗಿದ ಮೇಲೆ ಲಂಗ ನನಗೆ ಬರುತ್ತಿತ್ತು. ಆಗ ಮತ್ತೆ ಟಕ್ ಹಿಡಿದು ಗಿಡ್ಡ ಮಾಡುವುದು. ಮತ್ತೆ ವರ್ಷಕ್ಕೊಂದು ಬಿಚ್ಚುವುದು.

ಟಕ್ ಬಿಚ್ಚಿದ ಜಾಗದಲ್ಲಿ ಬಟ್ಟೆಯ ಬಣ್ಣ ಗಾಢವಾಗಿರುತ್ತದೆ. ಬಿಸಿಲು, ಸೋಪು, ಕಲ್ಲು ಮುಟ್ಟದ ಬಟ್ಟೆ ಅದು. ಅಂಗಡಿಯಿಂದ ತಂದ ದಿನದ ಬಣ್ಣ ಹಾಗೇ ಕೂತಿರುತ್ತದೆ. ನನ್ನ ಒಂದು ನೀಲಿ ಲಂಗದಲ್ಲಿ ಹಾಗೆ ಮೂರು ಕಡುನೀಲಿ ಪಟ್ಟಿ ಇದ್ದವು. ಶಾಲೆಯಲ್ಲಿ ಒಬ್ಬಳು ಅದನ್ನು ತೋರಿಸಿ, "ಇದು ನಿಂದಲ್ಲ" ಅಂದಿದ್ದಳು. ಅಳುತ್ತಾ ಬಂದೆ. ದೊಡ್ಡಮ್ಮ ಏನೂ ಸಮಾಧಾನ ಹೇಳಲಿಲ್ಲ. ಲಂಗ ಇಸಕೊಂಡು ಆ ಪಟ್ಟಿಗಳ ಮೇಲೆ ಬಿಳಿ ದಾರದಲ್ಲಿ ಸರಪಳಿ ಹೊಲಿಗೆ ಹಾಕಿಕೊಟ್ಟರು. ಮಾರನೇ ವಾರ ಇನ್ನಿಬ್ಬರು ಹುಡುಗಿಯರು ತಮ್ಮ ಲಂಗಕ್ಕೂ ಹಾಗೇ ಬೇಕು ಅಂತ ಅಮ್ಮಂದಿರ ಹತ್ತಿರ ಹಟ ಹಿಡಿದರು.

ಗಂಡಸರ ಶರ್ಟಿಗೂ ಇಂಥದೊಂದು ಉಪಾಯ ಇತ್ತು. ಕಾಲರ್ ಕತ್ತಿಗೆ ಉಜ್ಜಿ ಉಜ್ಜಿ ಮಡಿಕೆಯಲ್ಲಿ ಹರಿಯುತ್ತದೆ. ಉಳಿದ ಶರ್ಟು ಗಟ್ಟಿಯಾಗೇ ಇರುತ್ತದೆ. ಟೈಲರ್ ಕಾಲರ್ ಬಿಚ್ಚಿ, ತಿರುಗಿಸಿ, ಹರಿದ ಕಡೆ ಕೆಳಗೆ ಬರುವ ಹಾಗೆ ಮತ್ತೆ ಹೊಲಿದು ಕೊಡುತ್ತಿದ್ದರು. ಅಪ್ಪನ ಶರ್ಟುಗಳೆಲ್ಲ ಹಾಗೆ ಎರಡು ಆಯಸ್ಸು ಕಂಡವು. ಆಮೇಲೆ ಅವು ಚಿಕ್ಕಪ್ಪನಿಗೆ ಹೋಗುತ್ತಿದ್ದವು. ಅದರಾಚೆಗೆ ಕೌದಿಗೆ. ನಮ್ಮ ಓಣಿಗೆ ಕೌದಿ ಹೊಲಿಯುವ ಹೆಂಗಸರು ಬರುತ್ತಿದ್ದರು. ಹಳೆ ಸೀರೆ, ಪಂಚೆ, ಶರ್ಟಿನ ತುಂಡು ಎಲ್ಲ ಪದರ ಪದರ ಇಟ್ಟು ಕೈಯಲ್ಲೇ ಹೊಲಿಯುತ್ತಿದ್ದರು. ಆ ಕೌದಿ ಹೊದ್ದು ಮಲಗಿದಾಗ, ಇದು ಅಪ್ಪನ ಗೆರೆ ಶರ್ಟು, ಇದು ಅಜ್ಜಿಯ ಸೀರೆ ಅಂತ ಗುರುತು ಹಿಡಿಯುವುದು ನಮ್ಮ ಆಟ.

*

ಬೆಂಗಳೂರಿಗೆ ಬಂದ ಮೇಲೆ ನಾನು ದುಡ್ಡು ಕೊಟ್ಟು ಹಳೆ ಬಟ್ಟೆ ಕೊಳ್ಳಲು ಶುರು ಮಾಡಿದೆ. ಕೆ.ಆರ್. ಮಾರ್ಕೆಟ್ ಆಸುಪಾಸಿನ ಸಂಡೇ ಬಜಾರ್ ಗೊತ್ತಲ್ಲ? ಬೆಳಿಗ್ಗೆ ಬೇಗ ಹೋದರೆ ಫುಟ್‌ಪಾತಿನ ಮೇಲೆ ಟಾರ್ಪಾಲ್ ಹಾಸಿ ಬಟ್ಟೆ ಗುಡ್ಡೆ ಹಾಕಿರುತ್ತಾರೆ. ಶರ್ಟು, ಜೀನ್ಸು, ಸ್ವೆಟರು, ಕೋಟು. ಒಮ್ಮೆ ಅಲ್ಲಿ 120 ರೂಪಾಯಿಗೆ ಗಂಡಸರ ಲಿನನ್ ಶರ್ಟು ಸಿಕ್ಕಿತು. ಅಷ್ಟು ಮೆತ್ತಗಾಗಲು ಅದು ಎಷ್ಟು ಸಲ ಒಗೆಸಿಕೊಂಡಿತ್ತೋ. ಹೊಸ ಲಿನನ್ನಿಗೆ ಆ ಮೆತ್ತಗೆ ಬರುವುದೇ ಇಲ್ಲ.

ಹಳೆ ಬಟ್ಟೆಯಲ್ಲಿ ನನಗೆ ಇಷ್ಟವಾಗುವ ಇನ್ನೊಂದು ವಿಷಯ ಇದೆ. ಹೊಸ ಕಾಟನ್ ಮೊದಲ ಕೆಲವು ಒಗೆತದಲ್ಲಿ ಕುಗ್ಗುತ್ತದೆ. ಇವತ್ತು ಸರಿಯಾಗಿ ಕೂತಿದ್ದು ಮುಂದಿನ ತಿಂಗಳು ಗಿಡ್ಡವಾಗುತ್ತದೆ. ಹಳೆ ಬಟ್ಟೆ ಕುಗ್ಗುವಷ್ಟೂ ಕುಗ್ಗಿ ಮುಗಿದಿರುತ್ತದೆ. ಅದನ್ನು ಇವತ್ತು ನಿಮ್ಮ ಮೈಗೆ ಸರಿ ಮಾಡಿದರೆ ಸರಿಯಾಗೇ ಇರುತ್ತದೆ. ಆದರೂ ಒಂದು ಮಾತು. ತಂದ ತಕ್ಷಣ ಕತ್ತರಿ ಹಿಡಿಯಬೇಡಿ. ಬಟ್ಟೆ ತಡೆಯುವಷ್ಟು ಬಿಸಿ ನೀರಲ್ಲಿ ಸೋಪು ಹಾಕಿ ನೆನೆಸಿ, ಒಗೆದು, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಆಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ.

ಬರೀ ನಿಂತರೆ ಸಾಲದು. ಕೂತು ನೋಡಬೇಕು. ಬಗ್ಗಿ ನೋಡಬೇಕು. ಎರಡೂ ಕೈ ಮುಂದೆ ಚಾಚಿ ಬಸ್ಸಿನ ಕಂಬಿ ಹಿಡಿದ ಹಾಗೆ ಮಾಡಬೇಕು. ಬಟ್ಟೆ ಎಲ್ಲಿ ಎಳೆಯುತ್ತದೋ ಅಲ್ಲಿ ಸಣ್ಣ ಗೆರೆ ಏಳುತ್ತವೆ. ಆ ಗೆರೆಗಳು ಯಾವ ಕಡೆಗೆ ಬೆರಳು ತೋರಿಸುತ್ತವೋ ಅಲ್ಲಿದೆ ತೊಂದರೆ. ನನಗೆ ಇದು ಅರ್ಥವಾಗಲು ತುಂಬ ವರ್ಷ ಬೇಕಾಯಿತು. ಎದೆ ಬಿಗಿ ಅಂದುಕೊಂಡು ಪಕ್ಕ ಬಿಚ್ಚುತ್ತಿದ್ದೆ. ನಿಜಕ್ಕೂ ಬಿಗಿ ಇದ್ದದ್ದು ಬೆನ್ನಿನ ಅಗಲದಲ್ಲಿ.

ಭುಜ ಸರಿ ಇದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಬರಬೇಕು. ಅದು ಇಳಿದಿದ್ದರೆ ಸರಿ ಮಾಡುವುದು ದೊಡ್ಡ ಕೆಲಸ. ತೋಳು ಪೂರ್ತಿ ಬಿಚ್ಚಬೇಕು, ಹೊಸದಾಗಿ ಕತ್ತರಿಸಬೇಕು, ಮತ್ತೆ ಕೂರಿಸಬೇಕು. ಅದಕ್ಕೇ ನಾನು ಕೊಳ್ಳುವಾಗ ಭುಜ ಸರಿ ಇರುವುದನ್ನೇ ಆರಿಸುತ್ತೇನೆ. ಸೊಂಟ, ಉದ್ದ, ತೋಳಿನ ಅಗಲ ಇವನ್ನೆಲ್ಲ ಆಮೇಲೆ ನೋಡಿಕೊಳ್ಳಬಹುದು. ಎರಡರ ನಡುವೆ ಆರಿಸಬೇಕಾಗಿ ಬಂದರೆ ದೊಡ್ಡದನ್ನೇ ತರುತ್ತೇನೆ. ದೊಡ್ಡದನ್ನು ಚಿಕ್ಕದು ಮಾಡಬಹುದು. ಚಿಕ್ಕದನ್ನು ದೊಡ್ಡದು ಮಾಡಬೇಕಾದರೆ ಒಳಗೆ ಬಟ್ಟೆ ಇರಬೇಕು.

ಅದೇ ಈಗ ಇರುವುದಿಲ್ಲ.

*

ನಮ್ಮ ಬೀದಿಯಲ್ಲಿ ಒಂದು ಮೆಟ್ಟಿಲ ಕೆಳಗೆ ಆಲ್ಟರೇಷನ್ ಮಾಡುವವರೊಬ್ಬರು ಕೂರುತ್ತಾರೆ. ಒಂದು ಮಿಷನ್, ಒಂದು ಇಸ್ತ್ರಿ ಪೆಟ್ಟಿಗೆ, ಗೋಡೆಗೆ ಬಣ್ಣಬಣ್ಣದ ದಾರದ ಉಂಡೆ. ಮೊದಲು ಗಾರ್ಮೆಂಟ್ಸಿನಲ್ಲಿದ್ದರಂತೆ. ಅಲ್ಲಿ ವರ್ಷಗಟ್ಟಲೆ ಬರೀ ಕಫ್ ಹೊಲಿದಿದ್ದಾರೆ. ಗಾರ್ಮೆಂಟ್ಸಿನಲ್ಲಿ ಒಬ್ಬರಿಗೆ ಒಂದೇ ಕೆಲಸ, ಪೂರ್ತಿ ಶರ್ಟು ಯಾರೂ ಹೊಲಿಯುವುದಿಲ್ಲ. ನಾನು ಒಂದು ರೆಡಿಮೇಡ್ ಕುರ್ತಾ ತೆಗೆದುಕೊಂಡು ಹೋಗಿ, "ಅಣ್ಣಾ, ಇದನ್ನ ಸ್ವಲ್ಪ ಲೂಸ್ ಮಾಡಿಕೊಡ್ತೀರಾ?" ಎಂದೆ. ಅವರು ಒಳಗೆ ತಿರುಗಿಸಿ ಹೊಲಿಗೆ ತೋರಿಸಿದರು. "ಎಲ್ಲಿಂದ ಲೂಸ್ ಮಾಡ್ಲಿ ಅಕ್ಕ, ಬಟ್ಟೆನೇ ಬಿಟ್ಟಿಲ್ಲ."

ನಿಜ. ಹೊಲಿಗೆಯಾಚೆ ಒಂದು ಸೆಂಟಿಮೀಟರ್ ಕೂಡ ಇರಲಿಲ್ಲ. ಅಂಚಿಗೆ ಓವರ್‌ಲಾಕ್ ದಾರ ಸುತ್ತಿಕೊಂಡಿತ್ತು. ಅವರೇ ವಿವರಿಸಿದರು. ಓವರ್‌ಲಾಕ್ ಮಿಷನ್‌ನಲ್ಲಿ ಸೂಜಿಯ ಪಕ್ಕದಲ್ಲೇ ಒಂದು ಚಾಕು ಇರುತ್ತದೆ. ಹೊಲಿಯುತ್ತಾ ಹೋದ ಹಾಗೆ ಹೆಚ್ಚಿನ ಬಟ್ಟೆಯನ್ನು ಅದು ಕತ್ತರಿಸಿ ಹಾಕುತ್ತದೆ. ಒಂದೇ ಓಟದಲ್ಲಿ ಹೊಲಿಗೆಯೂ ಆಯಿತು, ಕತ್ತರಿಸಿದ್ದೂ ಆಯಿತು. ಬಟ್ಟೆ ತಯಾರಿಸುವ ಖರ್ಚಿನಲ್ಲಿ ದೊಡ್ಡ ಪಾಲು ಬಟ್ಟೆಯದೇ. ಒಂದು ಕುರ್ತಾಗೆ ಒಂದಿಂಚು ಜಾಸ್ತಿ ಬಿಟ್ಟರೆ ಸಾವಿರಾರು ಕುರ್ತಾಗೆ ಎಷ್ಟು ಮೀಟರ್ ಆಗುತ್ತದೆ, ಲೆಕ್ಕ ಹಾಕಿ. ಕಾರ್ಖಾನೆಯವರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೂ ಆ ಚಾಕುವಿನ ಮಾತು ಕೇಳಿದ ದಿನ ನನಗೆ ಬೇಜಾರಾಯಿತು. ಆ ಕುರ್ತಾ ಒಂದೇ ಮೈಗೆ ಅಂತ ಹುಟ್ಟಿತ್ತು. ಆ ಮೈ ಎರಡು ಕೇಜಿ ಹೆಚ್ಚಾದರೂ ಅದಕ್ಕೆ ಜಾಗ ಇರಲಿಲ್ಲ.

ಇನ್ನೊಂದು ನೋಡಿ. ಗಂಡಸರ ಫಾರ್ಮಲ್ ಪ್ಯಾಂಟು ರೆಡಿಮೇಡ್ ಆದರೂ ಹಿಂದೆ, ಸೊಂಟದ ಪಟ್ಟಿಯ ನಡುವೆ, ಒಂದು ಹೊಲಿಗೆ ಇರುತ್ತದೆ. ಅದರ ಒಳಗೆ ಒಂದಿಂಚಿನವರೆಗೂ ಬಟ್ಟೆ ಬಿಟ್ಟಿರುತ್ತಾರೆ. ಹೊಟ್ಟೆ ಬಂದರೆ ಅಲ್ಲಿ ಬಿಚ್ಚಿಕೊಳ್ಳಬಹುದು. ಹೆಂಗಸರ ರೆಡಿಮೇಡ್ ಪ್ಯಾಂಟಿನಲ್ಲಿ ಆ ಸೌಕರ್ಯ ನಾನು ನೋಡಿದ್ದು ತೀರಾ ಕಡಿಮೆ. ಬಸುರಿ, ಬಾಣಂತನ, ಮುಟ್ಟು ನಿಲ್ಲುವ ಕಾಲ ಅಂತ ಮೈ ಹೆಚ್ಚು ಬದಲಾಗುವುದು ಯಾರದು? ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಿಟ್ಟೇ ಬರುತ್ತದೆ.

ಲೇಬಲ್ಲಿನ ಮೇಲಿರುವ ಸೈಜನ್ನು ನಾನು ನಂಬುವುದಿಲ್ಲ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಹೊರದೇಶಕ್ಕೆಂದು ಹೊಲಿದು ಉಳಿದ ಬಟ್ಟೆ ಇಲ್ಲಿನ ಅಂಗಡಿಗಳಿಗೆ ಬರುತ್ತದೆ, ಅಲ್ಲಿಂದ ಕೈ ಬದಲಾಗುತ್ತಾ ಫುಟ್‌ಪಾತಿಗೂ ಬರುತ್ತದೆ. ಅದರ ಮೇಲೆ ಅಮೆರಿಕದ್ದೋ ಯುರೋಪಿನದ್ದೋ ನಂಬರು. ಅಮೆರಿಕದಲ್ಲಿ ಹೆಂಗಸರ ಸೈಜು ನಿಗದಿ ಮಾಡಲು ಸುಮಾರು 15,000 ಹೆಂಗಸರ ಅಳತೆ ತೆಗೆದು 1941ರಲ್ಲಿ ವರದಿ ಮಾಡಿದ್ದರು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರ ಅಳತೆ ಮಾತ್ರ. ನಮ್ಮ ದೇಶದಲ್ಲಿ ನಮ್ಮದೇ ಮೈಯ ಅಳತೆ ತೆಗೆಯುವ ಕೆಲಸವನ್ನು ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಕೈಗೆತ್ತಿಕೊಂಡದ್ದು ಇತ್ತೀಚೆಗೆ. 6 ನಗರಗಳಲ್ಲಿ 25,000 ಜನರನ್ನು ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಅದು. ಒಳ್ಳೆಯದೇ. ಆದರೆ ಎಷ್ಟೇ ಜನರನ್ನು ಅಳೆದರೂ ನನ್ನ ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಕೆಳಗಿದೆ ಅನ್ನುವುದು ನನ್ನ ಟೇಪಿಗೆ ಮಾತ್ರ ಗೊತ್ತು. ಸಂಡೇ ಬಜಾರಿಗೆ ಹೋಗುವಾಗ ನನ್ನ ಚೀಲದಲ್ಲಿ ಯಾವಾಗಲೂ ಒಂದು ಇಂಚ್ ಟೇಪು ಇರುತ್ತದೆ.

*

ಬಿಚ್ಚುವುದನ್ನು ಕಲಿತರೆ ಹೊಲಿಯುವುದು ಅರ್ಧ ಕಲಿತ ಹಾಗೆ. ಸಾಮಾನ್ಯ ಮಿಷನ್ ಹೊಲಿಗೆಯಲ್ಲಿ ಎರಡು ದಾರ. ಒಂದು ಕಡೆ ನಾಲ್ಕು ಐದು ಹೊಲಿಗೆಗೊಂದರಂತೆ ದಾರ ಕತ್ತರಿಸುತ್ತಾ ಹೋಗಿ, ಬಟ್ಟೆ ತಿರುಗಿಸಿ ಇನ್ನೊಂದು ಕಡೆಯ ದಾರ ಎಳೆದರೆ ಉದ್ದಕ್ಕೂ ಬಂದುಬಿಡುತ್ತದೆ. ಬಟ್ಟೆ ಎಳೆದಾಡಬೇಕಾಗಿಲ್ಲ. ಜೀನ್ಸಿನ ಕೆಲವು ಹೊಲಿಗೆ ಬೇರೆ ಥರ, ಸರಪಳಿಯ ಹಾಗೆ. ಅಕ್ಕಿ ಮೂಟೆಯ ಬಾಯಿ ಬಿಚ್ಚಿದ್ದೀರಲ್ಲ? ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಬರುತ್ತದೆ, ತಪ್ಪು ತುದಿ ಹಿಡಿದರೆ ಗಂಟಾಗುತ್ತದೆ. ಅದೇ ಹೊಲಿಗೆ.

ಬಿಚ್ಚಿದ ಮೇಲೆ ತೂತು ಉಳಿಯುತ್ತದೆ. ಕಾಟನ್ ಆದರೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಹೆಚ್ಚು ಕಡಿಮೆ ಮುಚ್ಚಿಕೊಳ್ಳುತ್ತದೆ. ರೇಷ್ಮೆಯಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ರೇಷ್ಮೆ ಬ್ಲೌಸು ಹಿಡಿದು ಚಿಕ್ಕದು ಮಾಡುವುದು ಸುಲಭ, ಬಿಚ್ಚಿ ದೊಡ್ಡದು ಮಾಡಿದರೆ ಹಳೆ ತೂತಿನ ಸಾಲು ಹೊರಗೆ ಕಾಣುತ್ತದೆ. ಪಕ್ಕದಲ್ಲಾದರೆ ಸೆರಗಿನಡಿ ಮರೆಯಾಗುತ್ತದೆ. ಬೆನ್ನಲ್ಲಾದರೆ ಯೋಚನೆ ಮಾಡಿ.

ನಾನು ಒಂದು ಒಳ್ಳೆಯ ಬಟ್ಟೆ ಹಾಳು ಮಾಡಿದ್ದನ್ನೂ ಹೇಳಬೇಕು. ಕಾಲೇಜು ದಿನಗಳಲ್ಲಿ ಅಕ್ಕನ ಒಂದು ಮೆರೂನ್ ಚೂಡಿದಾರದ ಟಾಪು ನನಗೆ ಬಂತು. ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತಿತ್ತು. ಹಿಡಿಯುತ್ತದೆ ಅಂದರೆ ಜಾಗ ಸಾಲದು, ಜಾಗ ಸಾಲದು ಅಂದರೆ ಕತ್ತರಿಸಬೇಕು, ಇದು ನನ್ನ ಆಗಿನ ಲೆಕ್ಕ. ಆರ್ಮ್‌ಹೋಲನ್ನು ಅಂದರೆ ತೋಳು ಸೇರುವ ಸುತ್ತನ್ನು ಒಂದಿಂಚು ಕೆಳಗೆ ಕತ್ತರಿಸಿ ತೋಳು ಕೂರಿಸಿದೆ. ಹಾಕಿಕೊಂಡರೆ ಮೊದಲಿಗಿಂತ ಕಷ್ಟ. ಕೈ ಎತ್ತಿದರೆ ಇಡೀ ಟಾಪು ಮೇಲಕ್ಕೆ ಬರುತ್ತಿತ್ತು. ದೊಡ್ಡಮ್ಮ ಅದನ್ನು ನೋಡಿ, ಬೈಯಲಿಲ್ಲ, ತಮ್ಮ ಕೈ ಎತ್ತಿ ತೋರಿಸಿದರು. ಕೈ ಓಡಾಡುವುದು ಭುಜದ ಕೀಲಿನಿಂದ. ಆರ್ಮ್‌ಹೋಲು ಆ ಕೀಲಿಗೆ ಹತ್ತಿರ ಇದ್ದಷ್ಟೂ ಕೈಗೆ ಸಲೀಸು. ಕೆಳಗಿಳಿದರೆ ತೋಳು ಪಕ್ಕೆಗೆ ಕಟ್ಟಿ ಹಾಕಿದ ಹಾಗಾಗುತ್ತದೆ. ಕೈ ಎತ್ತಿದರೆ ಪಕ್ಕೆಯ ಬಟ್ಟೆಯನ್ನೂ ಎಳೆದುಕೊಂಡೇ ಹೋಗಬೇಕು.

"ಕಂಕುಳಿಗೆ ಕತ್ತರಿ ಹಾಕಬಾರದು, ತುಂಡು ಕೊಡಬೇಕು" ಎಂದರು. ಹಳೆ ಕಾಲದ ಜುಬ್ಬಾ ನೋಡಿ. ತೋಳು ನೆಟ್ಟಗೆ, ಮೈ ನೆಟ್ಟಗೆ, ನಡುವೆ ಕಂಕುಳಲ್ಲಿ ಒಂದು ಚೌಕದ ತುಂಡು. ಅದು ಇರುವುದರಿಂದಲೇ ಜುಬ್ಬಾ ಹಾಕಿಕೊಂಡು ಏನು ಕೆಲಸ ಬೇಕಾದರೂ ಮಾಡಬಹುದು. ಆ ಮೆರೂನ್ ಟಾಪಿಗೆ ತುಂಡು ಕೊಡಲು ಬಟ್ಟೆ ಇರಲಿಲ್ಲ. ಅದು ಕೌದಿ ಸೇರಿತು. ಅಕ್ಕ ಅದನ್ನು ತುಂಬ ಇಷ್ಟಪಟ್ಟು ಕೊಟ್ಟಿದ್ದಳು. ಆ ನೋವು ಈಗಲೂ ಇದೆ.

*

ಹೋದ ವರ್ಷ ಮಳೆಗಾಲದಲ್ಲಿ ಅಮ್ಮನ ಎಡಭುಜ ಹಿಡಿದುಕೊಂಡಿತು. ಮೊದಲು ಸುಮ್ನೆ ನೋವು ಅಂದುಕೊಂಡೆವು. ಆಮೇಲೆ ಕೈ ಭುಜದ ಮಟ್ಟಕ್ಕೂ ಏಳದಾಯಿತು. ಡಾಕ್ಟರು ಫ್ರೋಝನ್ ಶೋಲ್ಡರ್ ಎಂದರು. ಸಕ್ಕರೆ ಕಾಯಿಲೆ ಇರುವವರಿಗೆ ಇದು ಜಾಸ್ತಿ ಬರುತ್ತದಂತೆ. ಕಡಿಮೆಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಲವರಿಗೆ ಒಂದು ಕಡೆ ವಾಸಿಯಾದ ಮೇಲೆ ಇನ್ನೊಂದು ಕಡೆ ಬರುವುದೂ ಉಂಟು ಎಂದರು.

ಅಮ್ಮನಿಗೆ ನೋವಿಗಿಂತ ದೊಡ್ಡ ಸಂಕಟ ಬ್ಲೌಸಿನದು. ನೈಟಿ ಹಾಕಿಕೊಳ್ಳಿ ಎಂದರೆ ಮನೆಯೊಳಗೆ ಸರಿ. ಹೊರಗೆ ಹೋಗಬೇಕು ಅಂದರೆ ಸೀರೆಯೇ ಆಗಬೇಕು. ಬೆಳಿಗ್ಗೆ ಬ್ಲೌಸು ಹಾಕುವ ಹೊತ್ತಿಗೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ನೋವಿರುವ ಕೈಯನ್ನು ಮೊದಲು ತೂರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು ಎಂದು ಫಿಸಿಯೋಥೆರಪಿ ಮಾಡುವ ಹುಡುಗಿ ಹೇಳಿಕೊಟ್ಟಳು. ಅದರಿಂದ ಸ್ವಲ್ಪ ಸಲೀಸಾಯಿತು. ಆದರೂ ಅಮ್ಮನ ಬ್ಲೌಸುಗಳ ತೋಳು ಬಿಗಿ. ಕೈ ಒಳಗೆ ಹೋಗಬೇಕಾದರೆ ಮೊಣಕೈ ಹಿಂದಕ್ಕೆ ಎಳೆಯಬೇಕು. ಅದೇ ಆಗುತ್ತಿರಲಿಲ್ಲ.

ಆಗ ನೆನಪಾದದ್ದು ಆ ಚೀಲ. ದೊಡ್ಡಮ್ಮನ ಬ್ಲೌಸುಗಳು. ಅಮ್ಮನಿಗಿಂತ ಅವರ ಮೈ ದೊಡ್ಡದು, ತೋಳೂ ಅಗಲ.

ಅಮ್ಮ ಮೊದಲು ಕೈಗೆತ್ತಿಕೊಂಡದ್ದು ಇಳಕಲ್ ಸೀರೆಯ ಜೊತೆಗಿನ ಖಣದ ಬ್ಲೌಸು. ಗುಳೇದಗುಡ್ಡದ ಖಣ, ಕಡುಕೆಂಪು, ಮೇಲೆಲ್ಲ ಪುಟ್ಟ ಪುಟ್ಟ ಬುಟ್ಟಾ. ತೋಳು ಮೊಣಕೈವರೆಗೆ, ತುದಿಯಲ್ಲಿ ಅಂಚು. ಭುಜ ಅಮ್ಮನಿಗೆ ಸರಿಯಾಗಿ ಕೂತಿತು. ಅಕ್ಕತಂಗಿಯರಲ್ಲವೇ, ಮೂಳೆಯ ಅಳತೆ ಒಂದೇ. ಎದೆಯ ಸುತ್ತ ಮಾತ್ರ 3 ಇಂಚು ಜಾಸ್ತಿ ಇತ್ತು. ಅದನ್ನು ಪಕ್ಕದಲ್ಲಿ ಹಿಡಿದರಾಯಿತು. ಕಷ್ಟ ಇದ್ದದ್ದು ಕಂಕುಳಲ್ಲಿ. ಅಲ್ಲಿ ತುಂಡು ಕೊಡಬೇಕು. ಖಣಕ್ಕೆ ತಕ್ಕ ತುಂಡು ಅಂಗಡಿಯಲ್ಲಿ ಎಲ್ಲಿ ಹುಡುಕಲಿ? ಆ ಕೆಂಪು, ಆ ಬುಟ್ಟಾ, ಇಷ್ಟು ವರ್ಷ ಮಾಸಿದ ಆ ಬಣ್ಣ ಮತ್ತೆ ಸಿಗುವುದಿಲ್ಲ. ಬಟ್ಟೆ ಅದರೊಳಗಿಂದಲೇ ಬರಬೇಕು.

ತೋಳಿನ ಉದ್ದದಲ್ಲಿ ಇತ್ತು. ಅಮ್ಮ ಅರ್ಧ ತೋಳಿನವರು. ತೋಳಿನ ತುದಿಯ ಅಂಚನ್ನು ಮೊದಲು ಬೇರೆ ಮಾಡಿ ಎತ್ತಿಟ್ಟೆ. ಉಳಿದ ತೋಳಿನ ಕೆಳಗಡೆಯಿಂದ ಮೂರೂವರೆ ಇಂಚು ಅಗಲದ ಪಟ್ಟಿ ಕತ್ತರಿಸಿದೆ. ಅದರಿಂದ ಮೂರೂವರೆ ಇಂಚಿನ ಒಂದು ಚೌಕ. ಬಲತೋಳಿನಿಂದಲೂ ಅಷ್ಟೇ. ಆಮೇಲೆ ಅಂಚನ್ನು ಹೊಸ ತುದಿಗೆ ಮತ್ತೆ ಜೋಡಿಸಿದೆ. ಅಂಚಿನ ಗೆರೆ ಸೊಟ್ಟಗಾಗಬಾರದು ಅಂತ ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡೆ.

ಎಡಗಡೆ ಕಂಕುಳಲ್ಲಿ ಪಕ್ಕದ ಹೊಲಿಗೆಯನ್ನು 3 ಇಂಚು ಕೆಳಗಿನವರೆಗೆ ಬಿಚ್ಚಿದೆ. ತೋಳಿನ ಹೊಲಿಗೆಯನ್ನು ಕೈ ಕಡೆಗೆ 3 ಇಂಚು ಬಿಚ್ಚಿದೆ. ದೊಡ್ಡಮ್ಮನ ದಾರದ ಬಾಲ ಸಿಕ್ಕಿತು, ಗಂಟು ಸಿಕ್ಕಿತು, ಅರ್ಧ ಬ್ಲೇಡಿನ ತುದಿಯಲ್ಲಿ ಗಂಟು ಕತ್ತರಿಸಿದೆ. ಆರ್ಮ್‌ಹೋಲಿನ ಸುತ್ತಿನ ಹೊಲಿಗೆ ಮುಟ್ಟಲಿಲ್ಲ. ಈಗ ಕಂಕುಳಲ್ಲಿ ಒಂದು ಬಾಯಿ ತೆರೆಯಿತು. ಅದರೊಳಗೆ ಚೌಕವನ್ನು ಮೂಲೆಗಳು ಮೇಲೆ ಕೆಳಗೆ ಬರುವ ಹಾಗೆ ನಿಲ್ಲಿಸಿದೆ. ಒಂದು ಮೂಲೆ ಪಕ್ಕೆಯ ಕಡೆ, ಒಂದು ತೋಳಿನ ಕಡೆ, ಉಳಿದೆರಡು ಆರ್ಮ್‌ಹೋಲಿನ ಹೊಲಿಗೆಗೆ ಮುಂದೊಂದು ಹಿಂದೊಂದು. ಹೀಗೆ ಕೂರಿಸಿದಾಗ ಬಟ್ಟೆ ಓರೆಯಾಗಿ ಬೀಳುತ್ತದೆ. ಓರೆಯಾದ ಬಟ್ಟೆ ಸ್ವಲ್ಪ ಎಳೆಯುತ್ತದೆ, ರಬ್ಬರಿನ ಹಾಗೆ ಅಲ್ಲ, ಆದರೆ ಕೈ ಎತ್ತಿದಾಗ ಜೊತೆಗೆ ಬರುವಷ್ಟು.

ಚೌಕದ ಮೂಲೆಗಳಲ್ಲಿ ಎಚ್ಚರ ಬೇಕು. ಕಾಲಿಂಚು ಒಳಗೆ ಬಿಟ್ಟು ಹೊಲಿಯುತ್ತಾ ಬಂದು, ಮೂಲೆಗೆ ಸರಿಯಾಗಿ ಸೂಜಿ ಬಟ್ಟೆಯೊಳಗೇ ಇಳಿಸಿ ನಿಲ್ಲಿಸಬೇಕು. ಮಿಷನ್‌ನ ಪಾದ ಎತ್ತಿ ಬಟ್ಟೆ ತಿರುಗಿಸಿ, ಪಾದ ಇಳಿಸಿ ಮುಂದೆ ಹೋಗಬೇಕು. ಒಂದು ಹೊಲಿಗೆ ಮುಂದೆ ಹೋದರೂ ಮೂಲೆಯಲ್ಲಿ ಸುಕ್ಕು ಏಳುತ್ತದೆ. ಖಣದ ಎಳೆ ಬೇರೆ ಬೇಗ ಬಿಡುತ್ತದೆ. ಎರಡು ಸಲ ಬಿಚ್ಚಿ ಹೊಲಿದೆ. ಮೂರನೆಯ ಸಲ ಮೂಲೆ ಚಪ್ಪಟೆಯಾಗಿ ಕೂತಿತು. ಒಳಗೆ ಎಳೆ ಬಿಡದ ಹಾಗೆ ಸುತ್ತಲೂ ಕೈಯಲ್ಲಿ ಹೊಲಿದು ಮುಗಿಸಿದೆ. ಚರ್ಮಕ್ಕೆ ಒರಟಾಗಬಾರದು ಅಂತ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಹಿಡಿದೆ.

ಚೌಕ ಕತ್ತರಿಸಿದ್ದು ತೋಳಿನ ಮಡಿಕೆ ಇದ್ದ ಕಡೆಯಿಂದ. ಮಡಿಕೆಯೊಳಗಿದ್ದ ಭಾಗ ಮಾಸಿರಲಿಲ್ಲ. ಹಾಗಾಗಿ ಕಂಕುಳಲ್ಲಿ ಅರ್ಧ ಚೌಕ ಮಾಸಿದ ಕೆಂಪು, ಅರ್ಧ ಹೊಚ್ಚಹೊಸ ಕೆಂಪು. "ಯಾರಿಗೂ ಕಾಣಲ್ಲ ಬಿಡು" ಎಂದು ನಾನು ಹೇಳುವ ಮೊದಲೇ ಅಮ್ಮ ಅದನ್ನು ಬೆಳಕಿಗೆ ಹಿಡಿದು, "ತಂದಾಗ ಹಿಂಗೇ ಇತ್ತು ನೋಡು, ಇದೇ ಬಣ್ಣ" ಎಂದರು. ಆ ಖಣ ತಂದ ದಿನ ಅಂಗಡಿಯಲ್ಲಿ ಅಕ್ಕನ ಜೊತೆ ಅವರೂ ಇದ್ದರಂತೆ.

ಹಾಕಿಕೊಂಡರು. ಎಡಗೈ ಮೊದಲು. ಮೊಣಕೈ ಹಿಂದಕ್ಕೆ ಎಳೆಯದೆ, ಮುಂದೆಯೇ ಇಟ್ಟುಕೊಂಡು ತೂರಿಸಲು ಆಯಿತು. ನಾನು ಸಹಾಯಕ್ಕೆ ಅಂತ ಕೈ ಮುಂದೆ ಮಾಡಿದ್ದೆ. ಅಮ್ಮ, "ಬೇಡ ಇರು" ಎಂದು ಹುಕ್ಕುಗಳನ್ನೂ ತಾವೇ ಹಾಕಿಕೊಂಡರು. ಅಳತೆ ಸರಿ ಇದೆಯೋ ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡರು. ಆಮೇಲೆ ಸೀರೆ ಕೇಳಿದರು.

ಬಲಗಡೆ ಏನೂ ಮಾಡಬೇಡ ಎಂದರು. ಆ ಕೈ ಚೆನ್ನಾಗಿದೆಯಲ್ಲ. ಇನ್ನೊಂದು ಚೌಕ ಉಳಿಯಿತು. ಡಾಕ್ಟರು ಹೇಳಿದ್ದು ನನಗೆ ನೆನಪಿತ್ತು, ಅಮ್ಮನಿಗೂ ನೆನಪಿತ್ತು ಅಂತ ಕಾಣುತ್ತದೆ. ಇಬ್ಬರೂ ಆ ಮಾತು ಎತ್ತಲಿಲ್ಲ. ಸಂಜೆ ಬ್ಲೌಸು ಬಿಚ್ಚಿಟ್ಟ ಮೇಲೆ ಅದನ್ನು ಒಳಗು ಹೊರಗು ಮಾಡಿದೆ. ಬಲಗಡೆ ಪಕ್ಕದಲ್ಲಿ, ಒಳಗೆ ಬಿಟ್ಟ ಬಟ್ಟೆಯ ಮೇಲೆ, ಆ ಚೌಕವನ್ನು ಇಟ್ಟು ನಾಲ್ಕು ದೊಡ್ಡ ದೊಡ್ಡ ಹೊಲಿಗೆ ಹಾಕಿ ಕೂರಿಸಿದೆ. ಗಂಟು ಹಾಕಿ, ದಾರವನ್ನು ಒಂದಿಂಚು ಬಿಟ್ಟು ಕತ್ತರಿಸಿದೆ.